ವೇದಕ್ಕ ಎತ್ತದ ಕರೆ

ಫೋನು ಹೊಡೆದುಕೊಂಡರೆ ಯಾರಾದರೂ ಅದಕ್ಕೆ ಕೈ ಚಾಚುತ್ತಾರೆ. ನಮ್ಮ ವೇದಕ್ಕ ಕೈ ಮುಗಿಯುತ್ತಿದ್ದರು. ಹೆಚ್ಚುತ್ತಿದ್ದ ಬೆಂಡೆಕಾಯಿ ಈಳಿಗೆಮಣೆಯ ಪಕ್ಕಕ್ಕೆ ಹೋಗುತ್ತಿತ್ತು, ಕಣ್ಣು ಮುಚ್ಚಿಕೊಳ್ಳುತ್ತಿತ್ತು, ಫೋನಿನ ಹಾಡು ತಾನಾಗಿ ನಿಲ್ಲುವವರೆಗೆ ಅವರು ಅಲುಗುತ್ತಿರಲಿಲ್ಲ. ಆಮೇಲೆ ಕನ್ನಡಕ ಏರಿಸಿ, ಯಾರದೆಂದು ನೋಡಿ, ಸಾವಕಾಶವಾಗಿ ತಾವೇ ತಿರುಗಿ ಮಾಡುತ್ತಿದ್ದರು.

ಮದರಾಸಿನ ಪೆರಂಬೂರಿನಲ್ಲಿ ನಮ್ಮದೂ ಅವರದೂ ಒಂದೇ ಮಹಡಿ, ಎದುರುಬದುರು ಬಾಗಿಲು. ವಿಮಾ ಕಚೇರಿಯಿಂದ ನಿವೃತ್ತರಾಗಿದ್ದರು. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಅಜ್ಜನ ಕಾಲಕ್ಕೇ ಅಲ್ಲಿಗೆ ಬಂದ ಮಾಧ್ವರ ಮನೆ. ಹಾಡುವ ಮೊಬೈಲುಗಳು ಆಗತಾನೇ ಕಾಲಿಟ್ಟಿದ್ದ ದಿನಗಳು. ನನಗೆ ಅಂಬತ್ತೂರಿನ ಕಾರ್ಖಾನೆಯೊಂದರ ಕಚೇರಿಯಲ್ಲಿ ಕೆಲಸ ಸಿಕ್ಕ ಹೊಸತು. ಅಂಥದೊಂದು ಫೋನನ್ನು ವೇದಕ್ಕ ನನಗಿಂತ ಮೊದಲೇ ಕೊಂಡು ನನ್ನ ಹೊಟ್ಟೆ ಉರಿಸಿದರು. ಸೋಪಿನ ಬಿಲ್ಲೆಯಷ್ಟು ದಪ್ಪ, ಪಕ್ಕದಲ್ಲಿ ಹಾಡಿಗೆಂದೇ ಒಂದು ಗುಂಡಿ, ಉಗುರಿನಷ್ಟು ಮೆಮೊರಿ ಕಾರ್ಡು. ಸ್ಟೇಷನ್ ಹತ್ತಿರದ ಅಂಗಡಿಯವನು ಅದರ ತುಂಬ ದೇವರನಾಮ ಹಾಕಿಕೊಟ್ಟಿದ್ದ. ತನ್ನ ಲೆಕ್ಕದಲ್ಲಿ ಒಂದು ಕುಣಿತದ ಸಿನಿಮಾ ಹಾಡನ್ನೂ ಸೇರಿಸಿದ್ದ. ಅದು ಬಂದಾಗ ವೇದಕ್ಕ ಮುಖ ಸಿಂಡರಿಸಿಕೊಂಡು ಬಾಲ್ಕನಿಗೆ ಹೋಗಿ ನಿಲ್ಲುತ್ತಿದ್ದರೇ ಹೊರತು ನಿಲ್ಲಿಸುತ್ತಿರಲಿಲ್ಲ. "ಅವನೂ ಪಾಪ ಹಾಡ್ತಿದಾನೆ, ಮುಗೀಲಿ" ಎನ್ನುತ್ತಿದ್ದರು.

ಅಡುಗೆಗೆ ಮಡಿಯುಟ್ಟರೆ ಅವರು ಫೋನು ಮುಟ್ಟುವಂತಿರಲಿಲ್ಲ. ನಾನು ಕೆಲಸಕ್ಕೆ ಹೊರಡುವ ಹೊತ್ತಿಗೆ ಸರಿಯಾಗಿ ಒಳಗಿಂದ ಕೂಗು ಬರುತ್ತಿತ್ತು: "ಸುಧಾ, ನಾ ಮಡೀಲಿದೀನಿ ಕಣೇ, ಕೊಂಚ ಹಾಡು ಒತ್ತಿಬಿಟ್ಟು ಹೋಗು." ನಾನು ಗುಂಡಿ ಒತ್ತಿ, ದನಿ ಜೋರಾಗಲೆಂದು ಫೋನನ್ನು ಖಾಲಿ ಸ್ಟೀಲ್ ಡಬ್ಬಿಯೊಳಗಿಟ್ಟು ಬಸ್ಸಿಗೆ ಓಡುತ್ತಿದ್ದೆ. ಮೆಟ್ಟಿಲು ಇಳಿಯುವವರೆಗೂ ಹಾಡು ನನ್ನ ಹಿಂದೆಯೇ ಬರುತ್ತಿತ್ತು.

"ಟ್ರಿಣ್ ಟ್ರಿಣ್ ವೇಂಡಾಂ, ಬೇಡ, ಆಫೀಸು ನೆನಪಾಗುತ್ತೆ" ಎಂದು ಕರೆ ಬಂದಾಗಲೂ ದೇವರನಾಮವೇ ಮೊಳಗುವಂತೆ ಅಂಗಡಿಯವನ ಕೈಲಿ ಮಾಡಿಸಿಕೊಂಡಿದ್ದರು. ತೊಂದರೆ ಶುರುವಾದದ್ದು ಅಲ್ಲೇ.

"ವೇದಕ್ಕ, ಅದು ಹಾಡಲ್ಲ, ಕರೆ. ಎತ್ತಿ ಮಾತಾಡಬೇಕು" ಎಂದು ನಾನು ತಲೆ ಚಚ್ಚಿಕೊಂಡೆ.

"ಕರೆ ಅಂತ ನಂಗೆ ತಿಳೀದಾ? ದೇವರ ಹೆಸರು ಅರ್ಧಕ್ಕೆ ಬಂದಾಗ ನಾನು ಕುತ್ತಿಗೆ ಹಿಸುಕಲಾ? ಆ ಕಡೆಯವರೇ ನಿಲ್ಲಿಸ್ಲಿ. ಅದರ ಪಾಪ ಅವರಿಗೆ."

ಇಂಥವರ ಹತ್ತಿರ ವಾದ ಮಾಡಿ ಯಾರು ಗೆದ್ದಾರು? ಬಂಧುಬಳಗದವರೂ ಹೊಂದಿಕೊಂಡರು. ಎರಡು ಸಾಲು ಹಾಡಾಗಲು ಬಿಟ್ಟು ಫೋನು ಇಟ್ಟುಬಿಡುತ್ತಿದ್ದರು. ವೇದಕ್ಕ ತಿರುಗಿ ಮಾಡುತ್ತಿದ್ದರು.

ಇದು ಗೊತ್ತಿಲ್ಲದಿದ್ದವರು ಒಬ್ಬರೇ, ಅವರ ತಂಗಿ ಕಮಲಮ್ಮ. ಬೆಸೆಂಟ್ ನಗರದಲ್ಲಿ ಮಗ ಸೊಸೆಯ ಜೊತೆ ಇದ್ದರು. ತಾಯಿ ವೇದಕ್ಕನ ಮನೆಯಲ್ಲೇ ತೀರಿಕೊಂಡಾಗ, ಗಾಬರಿಯಲ್ಲಿ ತಂಗಿಗೆ ಸುದ್ದಿ ಮುಟ್ಟಿಸುವುದು ತಡವಾಗಿತ್ತು. ಕಮಲಮ್ಮ ಬರುವಷ್ಟರಲ್ಲಿ ದೇಹ ಸ್ಮಶಾನಕ್ಕೆ ಹೋಗಿಯಾಗಿತ್ತು. "ಅಮ್ಮನ ಮುಖ ತೋರಿಸಲಿಲ್ಲ ನೀನು" ಎಂದು ಹೊಸ್ತಿಲಲ್ಲೇ ಹೇಳಿ ತಿರುಗಿ ಹೋದವರು ಮತ್ತೆ ಮಾತಾಡಿರಲಿಲ್ಲ. ವೇದಕ್ಕನಿಗೆ ಆ ತಂಗಿಯನ್ನು ಬಿಟ್ಟರೆ ಒಡಹುಟ್ಟಿದವರಿರಲಿಲ್ಲ. ತಾವಾಗಿ ಮಾತಾಡಿಸುವ ಧೈರ್ಯ ಅವರಿಗೆ ಬರಲಿಲ್ಲ. ತಂಗಿಯ ಮಗನಿಗೆ ತಮ್ಮ ನಂಬರನ್ನು ಮಾತ್ರ ಯಾರ ಮೂಲಕವೋ ಕಳಿಸಿದ್ದರು.

ಒಂದು ಭಾನುವಾರ ಮಧ್ಯಾಹ್ನ ನಾನು ಅಲ್ಲೇ ಕೂತಿದ್ದೆ. ಫೋನು ಹಾಡಿತು, ನಿಂತಿತು, ಮತ್ತೆ ಹಾಡಿತು, ಮತ್ತೆ. "ಇವತ್ತು ಯಾರಿಗೋ ಬಲು ಭಕ್ತಿ" ಎಂದು ವೇದಕ್ಕ ನಕ್ಕರು. ಎಲ್ಲ ಶಾಂತವಾದ ಮೇಲೆ ಆ ನಂಬರಿಗೆ ತಿರುಗಿ ಮಾಡಿದರು. ಎತ್ತಿದವನು ಯಾವನೋ ಬೇರೆ ಅಂಗಡಿಯವನು.

"ಇದು ಕಾಯಿನ್ ಬಾಕ್ಸ್ ಫೋನ್‌ಮಾ, ಬೆಸೆಂಟ್ ನಗರ್" ಎಂದ. ವಯಸ್ಸಾದ ಹೆಂಗಸೊಬ್ಬರು ಬಂದು ಮತ್ತೆ ಮತ್ತೆ ಮಾಡಿದರಂತೆ, ಯಾರೂ ಎತ್ತದ್ದಕ್ಕೆ ಅಳುತ್ತಾ ಹೋದರಂತೆ.

ವೇದಕ್ಕನ ಮುಖ ಬಿಳಿಚಿತು. "ಕಮಲು" ಎಂದರು. "ಸೊಸೆ ಮುಂದೆ ಮಾತಾಡೋಕೆ ಆಗದೆ ಅಂಗಡಿಗೆ ಬಂದಿದಾಳೆ. ಅವತ್ತು ನಾನು ತಿಳಿಸಲಿಲ್ಲ, ಇವತ್ತು ಎತ್ತಲೂ ಇಲ್ಲ. ಇನ್ನು ನನ್ನ ಮುಖ ನೋಡ್ತಾಳಾ ಅವಳು?"

ಸೀರೆ ಬದಲಿಸಿ ಹೊರಟೇಬಿಟ್ಟರು. ನಾನೂ ಜೊತೆಗೆ ಹೋದೆ. ಬಸ್ಸಿನಲ್ಲಿ "ಕೇಳಿಸಲಿಲ್ಲ ಅಂದುಬಿಡಿ ವೇದಕ್ಕ" ಎಂದೆ. ಹಾಡು ನಡೆಯುತ್ತಿತ್ತು, ಅದಕ್ಕೇ ಎತ್ತಲಿಲ್ಲ ಎಂದರೆ ಯಾವ ತಂಗಿ ನಂಬುತ್ತಾಳೆ?

"ಸುಳ್ಳು ಹೇಳೋಕೆ ಇಷ್ಟು ದೂರ ಹೋಗಲಾ?" ಎಂದು ಗದರಿದರು. ಆಮೇಲೆ ಕಿಟಕಿಯಾಚೆ ನೋಡುತ್ತಾ ಕೂತರು.

ಬಾಗಿಲು ತೆರೆದ ಸೊಸೆ, ಯಾರು ಬೇಕೆಂದು ತಮಿಳಿನಲ್ಲಿ, "ಯಾರು ವೇಣುಂ?" ಎಂದಳು. ಅವಳ ಹಿಂದೆ ಕಮಲಮ್ಮ ಬಂದು ನಿಂತರು. ಅಕ್ಕನ ಅದೇ ಮೂಗು, ಅದೇ ಹಣೆ. ಒಳಗೆ ಬಾ ಎನ್ನಲಿಲ್ಲ.

"ಎಷ್ಟು ಸಲ ಮಾಡಿದೆ. ಎತ್ತಲಿಲ್ಲ ನೀನು."

"ದೇವರನಾಮ ಇಟ್ಕೊಂಡಿದೀನಿ ಕಮಲು ಅದರಲ್ಲಿ. ಮಧ್ಯದಲ್ಲಿ ನಿಲ್ಲಿಸೋಕೆ ಮನಸ್ಸು ಬರಲ್ಲ. ಅಷ್ಟೇ."

ನಾನು ನೆಲ ನೋಡಿದೆ. ನಮ್ಮ ಕೆಲಸ ಕೆಟ್ಟಿತು ಎಂದುಕೊಂಡೆ.

"ಅದು ಹೇಗೆ ನಿಲ್ಲಿಸ್ತೀ?" ಎಂದರು ಕಮಲಮ್ಮ. "ಪೂಜೇಲಿ ಹಾಡ್ತಾ ಇರೋವಾಗ ತಂತಿ ಬಂದ್ರೂ ಅಪ್ಪ ಬಾಗಿಲು ತೆಗೀತಿರಲಿಲ್ಲ. ಆ ತಂತಿಯವನು ಜಗಲೀಲಿ ಕೂತು ಮಂಗಳ ಆಗೋವರೆಗೂ ಕಾಯ್ತಿದ್ದ." ಆಮೇಲೆ ಸೊಸೆಯ ಕಡೆ ತಿರುಗಿ, "ಕಾಫಿಗೆ ಇಡಮ್ಮಾ, ನಮ್ಮ ಅಕ್ಕ" ಎಂದರು.

ಬೇರೆ ಯಾವ ಮನೆಯಲ್ಲೂ ನಡೆಯದ ಆ ಸಬೂಬು ಆ ಮನೆಯಲ್ಲಿ ನಡೆಯಿತು. ಇಬ್ಬರೂ ಸೋಫಾದ ಮೇಲೆ ಅಂಟಿಕೊಂಡು ಕೂತು ಮಾತಾಡಿದ್ದೇ ಮಾತಾಡಿದ್ದು. ಕತ್ತಲಾದ ಮೇಲೆ ನಾನೊಬ್ಬಳೇ ಪೆರಂಬೂರಿಗೆ ಬಂದೆ. ಸಂತೋಷವಾಗಬೇಕಿತ್ತು, ಆಯಿತು ಕೂಡ. ಜೊತೆಗೆ ಒಂದಿಷ್ಟು ಹೊಟ್ಟೆಕಿಚ್ಚೂ ಆಯಿತು, ಮುಚ್ಚಿಡುವುದೇನು? ಮುಂದಿನ ವರ್ಷ ವೇದಕ್ಕ ಮನೆ ಖಾಲಿ ಮಾಡಿ ತಂಗಿಯ ಮನೆಯ ಹತ್ತಿರಕ್ಕೇ ಹೋದರು. ಹಬ್ಬಕ್ಕೊಮ್ಮೆ ನಾನು ಹೋಗಿ ಬರುತ್ತಿದ್ದೆ.

ಅವರು ತೀರಿಕೊಂಡ ದಿನ ನಾನು ಅಂಬತ್ತೂರಿನಲ್ಲಿ ಕೆಲಸದಲ್ಲಿದ್ದೆ. ಕಮಲಮ್ಮನೇ ಫೋನು ಮಾಡಿದರು. "ಸುಧಾ, ಅಕ್ಕ ಹೋದಳು. ಕರ್ಮ ಮಾಡಿಸೋ ಆಚಾರ್ಯರು ಹೊತ್ತಾಯ್ತು ಅಂತಿದಾರೆ. ಅಂತಾರೆ ಬಿಡು. ನೀನು ಬಾ."

ಊರಿನ ಆ ತುದಿಯಿಂದ ಈ ತುದಿಗೆ ದಾರಿ ಸವೆಯಲೇ ಇಲ್ಲ. ನಾನು ತಲುಪುವ ಹೊತ್ತಿಗೆ ಎಲ್ಲ ಸಿದ್ಧವಾಗಿತ್ತು. ಹೊರಲು ಬಂದವರು ಬೀದಿಯಲ್ಲಿ ಗೊಣಗುತ್ತಾ ನಿಂತಿದ್ದರು. ಕಮಲಮ್ಮ ಬಾಗಿಲಿಗೆ ಅಡ್ಡವಾಗಿ ಕೂತಿದ್ದರು. ನನ್ನನ್ನು ಕಂಡು ಎದ್ದು, ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ, ಅಕ್ಕನ ಮುಖದ ಮೇಲಿನ ಬಟ್ಟೆ ತಾವೇ ಸರಿಸಿದರು.

"ನಿಧಾನವಾಗಿ ನೋಡು" ಎಂದರು. "ಅವರು ಕಾಯ್ತಾರೆ."