ಶಿವನೆ ಮರದ ಹುತ್ತ

ನನ್ನ ನಿವೃತ್ತಿಗೆ ಆಗ ಎರಡು ವರ್ಷ ಬಾಕಿಯಿತ್ತು. ಸಾಗರದ ಒಂದು ಸಣ್ಣ ಕಲಾ ಗ್ಯಾಲರಿಗೆ ನಾನು ಕ್ಯುರೇಟರ್. ಯಾವ ಕೃತಿಯನ್ನು ಎಲ್ಲಿಡಬೇಕು, ಯಾವ ಬೆಳಕಿನಲ್ಲಿ ತೋರಿಸಬೇಕು, ಯಾರೂ ಮುಟ್ಟದಂತೆ ಹೇಗೆ ಕಾಯಬೇಕು ಎಂದು ನೋಡಿಕೊಳ್ಳುವ ಹುದ್ದೆ. ಕಾಯುವ ವಿಷಯದಲ್ಲಿ ನನ್ನದು ಪೊಲೀಸ್ ದರ್ಬಾರು ಎಂದು ಊರೆಲ್ಲ ಆಡಿಕೊಳ್ಳುತ್ತಿತ್ತು. ಆಡಿಕೊಳ್ಳಲಿ ಎಂದು ಸುಮ್ಮನಿದ್ದೆ.

ಆ ಚಳಿಗಾಲದಲ್ಲಿ ಇಬ್ಬರು ಕಲಾವಿದರ ಪ್ರದರ್ಶನ ಏರ್ಪಾಡಾಯಿತು. ನಿಟ್ಟೂರಿನ ಸವಿತಾ ಅವರದು ಇದ್ದಿಲಿನ ರೇಖಾಚಿತ್ರಗಳು: ಜರೀಗಿಡದ ಸುರುಳಿ, ಬಳ್ಳಿಯ ಗಂಟು, ಮರದ ತೊಗಟೆ. ಎಂಥ ಗೆರೆ ಅಂತೀರಿ! ಕೈ ಎಲ್ಲಿ ಎತ್ತಿದರು, ಎಲ್ಲಿ ಇಟ್ಟರು ಎಂದು ಹುಡುಕಿ ಸೋತೆ. ಜೊತೆಗೆ ಸಾಗರದ ಗುಡಿಗಾರ ಮನೆತನದ ಮಂಜಪ್ಪನವರ ಶಿಲ್ಪಗಳು. ಮೂವತ್ತು ವರ್ಷ ದೇವರ ಮೂರ್ತಿ, ಮಂಟಪ ಕೆತ್ತಿದವರು ಮೊದಲ ಸಲ ಬೀಜ, ಬಸವನಹುಳು, ಜೇನುಗೂಡು ಕೆತ್ತಿದ್ದರು. ನಡುವೆ ಸೊಂಟದೆತ್ತರದ ಒಂದು ಹುತ್ತ. ಬಿಳಿಚು ಬಣ್ಣದ ಶಿವನೆ ಮರದ್ದು, ಒಂದೂವರೆ ವರ್ಷದ ಕೆಲಸ.

"ನಾ ಕೆತ್ತಿದ್ದಕ್ಕೆಲ್ಲ ಜನ ಕೈ ಮುಗೀತಾರೆ ಸಾರ್," ಎಂದಿದ್ದರು ಮಂಜಪ್ಪ. "ಅದು ದೇವ್ರಿಗೋ, ನನ್ ಕೆಲ್ಸಕ್ಕೋ ಯಾವತ್ತೂ ಗೊತ್ತಾಗ್ಲಿಲ್ಲ. ಒಂದ್ಸಲ ಬರೀ ಕೆಲ್ಸ ನೋಡ್ಲಿ."

ದೀಪ ಬೆಳಗಿಸಿ ಉದ್ಘಾಟನೆ ಮುಗಿಸಿ ಅತಿಥಿಗಳು ಊಟಕ್ಕೆ ಹೊರಟರು. ಬಾಗಿಲ ಗಾಳಿಗೆ ದೀಪ ಆರದಿರಲಿ ಎಂದು ನಾನೇ ದೀಪದ ಕಂಬವನ್ನು ಹುತ್ತದ ಪಕ್ಕಕ್ಕೆ ಸರಿಸಿದೆ. ಹೂವು, ಕುಂಕುಮದ ತಟ್ಟೆಯನ್ನೂ ಅಲ್ಲೇ ಇಟ್ಟೆ. ಮಲೆನಾಡಿನಲ್ಲಿ ಹುಟ್ಟಿ ಬೆಳೆದವನಿಗೆ ಅಷ್ಟೂ ಹೊಳೆಯಬಾರದೇ? ಹೊಳೆಯಲಿಲ್ಲ.

ಸ್ವಲ್ಪ ಹೊತ್ತಿಗೆ, ಪೇಟೆ ಕೆಲಸಕ್ಕೆ ಬಂದಿದ್ದ ಹೊಸನಗರ ಕಡೆಯ ರೈತ ಮಹಿಳೆ ಗೌರಮ್ಮ ಒಳಗೆ ಬಂದರು. ನಾನು ತಿರುಗಿ ನೋಡುವಷ್ಟರಲ್ಲಿ ಬೆರಳನ್ನು ದೀಪದೆಣ್ಣೆಗೆ ಅದ್ದಿ, ಕುಂಕುಮ ಕಲಸಿ, ಹುತ್ತದ ಬಾಯಿಗೆ ಹಚ್ಚಿ ಕೈಮುಗಿದು ನಿಂತಿದ್ದರು.

"ಏಯ್, ಏನ್ರೀ ಮಾಡ್ತಿದೀರಿ!" ಎಂದು ಕೂಗಿದೆ.

ಆಕೆ ಬೆಚ್ಚಿ ನನ್ನತ್ತ ತಿರುಗಿದರು. "ನಾಗಪ್ಪನ ಹುತ್ತ ಅಲ್ದಾ ಇದು? ದೀಪ ಹಚ್ಚಿಟ್ಟಿದ್ರಲ್ಲ ಮಾರಾಯ್ರಾ..."

ದೀಪ ಅಲ್ಲಿಟ್ಟವನು ನಾನೇ. ಬಟ್ಟೆಯಿಂದ ಒರೆಸಿದೆ, ಕೆಂಪು ಇನ್ನಷ್ಟು ಹರಡಿತು. ಮೆರುಗೆಣ್ಣೆ ಕಾಣದ ಆ ಒಣಮರ ದೀಪದೆಣ್ಣೆಯನ್ನು ಕುಡಿದೇಬಿಟ್ಟಿತ್ತು.

ಊಟ ಮುಗಿಸಿ ಸವಿತಾ ಜೊತೆ ಬಂದ ಮಂಜಪ್ಪ ಅದನ್ನು ನೋಡಿ ನೆಲದ ಮೇಲೇ ಕುಳಿತರು. "ಇಲ್ಲೂ ದೇವ್ರೇ ಬಂದ. ಬಿಡಿ ಸಾರ್, ಇದ್ನ ಮನಿಗೆ ತಗಂಡ್ ಹೋಗ್ತೀನಿ."

ಗೌರಮ್ಮನಾದರೂ ಹೊರಟುಹೋಗಬಾರದೇ? ಅಳುಮುಖ ಮಾಡಿಕೊಂಡು ಹುತ್ತವನ್ನೇ ನೋಡುತ್ತ, "ಬಾಯಿ ಒಂದ್ ಸರಿ ಇಲ್ಲ," ಎಂದರು. ನಾನು ಗದರುವ ಮೊದಲೇ ಸವಿತಾ ಕೈ ಅಡ್ಡ ಹಿಡಿದರು.

"ಎಂತ ಸರಿ ಇಲ್ಲ ಅಮ್ಮ?"

"ಉಳಿದಿದ್ದೆಲ್ಲ ನಮ್ ಗದ್ದೆ ಹತ್ರ ಇರೋ ಹಂಗೇ ಇದೆ. ಬಾಯಿಗೆ ಮಾತ್ರ ಹಿಂಗೆ ಅಂಚು ಇರಲ್ಲ. ಮಳೆಗೆ ಕರಗಿ ಒಳಗೆ ಬಗ್ಗಿರ್ತದೆ."

ಸವಿತಾ ಕಾಗದ ಹರಡಿ ಇದ್ದಿಲು ಹಿಡಿದರು. "ಇನ್ನೂ ಬಗ್ಲಿ... ಹಾಂ, ಅಷ್ಟೆ," ಎಂದು ಗೌರಮ್ಮ ಹೇಳುತ್ತ ಹೋದಂತೆ ಗೆರೆ ತಿರುಗಿತು. ಮಂಜಪ್ಪ ಎದ್ದು ಬಂದು ಕಾಗದ ನೋಡಿದರು, ಹುತ್ತ ನೋಡಿದರು, ಹಣೆ ಚಚ್ಚಿಕೊಂಡರು.

"ಕಳಶ ಕೆತ್ತೋ ಕೈ ಸಾರ್ ಇದು. ಇಲ್ಲೂ ಕಳಶದ ಬಾಯೇ ಮಾಡಿಟ್ಟದೆ!"

ಕುಂಕುಮ ಹತ್ತಿದ್ದೂ ಅದೇ ಅಂಚಿಗೆ. ಮಂಜಪ್ಪ ಮನೆಯಿಂದ ಉಳಿ ತರಿಸಿದರು. ನಾನು ದೀಪ, ತಟ್ಟೆ ಎರಡನ್ನೂ ಹೊರಗೆ ಸಾಗಿಸಿದೆ. ಆ ಮಧ್ಯಾಹ್ನವಿಡೀ ಜನರೆದುರೇ ಕೆತ್ತನೆ ನಡೆಯಿತು. ಅಬ್ಬಾ, ಆ ಕೈ! ಉಳಿ ಒಂದು ಸಲವೂ ತಡವರಿಸಲಿಲ್ಲ. ಕೆಂಪು ಹತ್ತಿದ ಚಕ್ಕೆಗಳು ಒಂದೊಂದಾಗಿ ಕೆಳಗೆ ಬಿದ್ದವು. ಗೌರಮ್ಮ ಎರಡು ಬಸ್ಸು ಬಿಟ್ಟುಕೊಟ್ಟು ಕುಳಿತೇ ಇದ್ದರು.

ಕೃತಿಯನ್ನು ಜನರಿಂದ ಕಾಯುವುದೇ ನನ್ನ ಕೆಲಸ ಎಂದುಕೊಂಡಿದ್ದೆ. ಆದರೆ ನಾನು ಹೊರಗೆ ಅಟ್ಟಲಿದ್ದ ಹೆಂಗಸೇ ಅಂದು ಎಲ್ಲರಿಗಿಂತ ಚೆನ್ನಾಗಿ ನೋಡಿದವರು. ಗದರುವ ಮೊದಲು 'ಏನು ಕಂಡಿರಿ?' ಎಂದು ಕೇಳಬೇಕೆಂಬುದನ್ನು ಕಲಿಯಲು ನನಗೆ ಹೆಚ್ಚುಕಡಿಮೆ ಇಡೀ ನೌಕರಿ ಹಿಡಿಯಿತು.

ಉಳಿ ಕೆಳಗಿಟ್ಟಾಗ ಗೌರಮ್ಮ ಎದ್ದು ಬಂದು, ಬಗ್ಗಿ ಹುತ್ತದ ಬಾಯೊಳಗೆ ಇಣುಕಿದರು. ಮಂಜಪ್ಪ ಆಕೆಯ ಕೈಗಳನ್ನೇ ನೋಡುತ್ತಿದ್ದರು. ಆಕೆ ಕೈ ಮುಗಿಯಲಿಲ್ಲ.

"ಈಗ ಸರಿ ಆತು," ಎಂದು ಗೌರಮ್ಮ ಅವರತ್ತ ತಿರುಗಿದರು. "ಎಷ್ಟ್ ದಿನ ಹಿಡೀತು ತಮ್ಮಾ, ಇದ್ನ ಕೆತ್ತಕೆ?"

ಮಂಜಪ್ಪನವರ ಕಣ್ಣು ತುಂಬಿಬಂತು. 'ಒಂದೂವರೆ ವರ್ಷ' ಎಂದು ನಾನೇ ಹೇಳಬೇಕಾಯಿತು.