ಸೂಜಿಯಕ್ಕನ ಮಾತ್ರೆ, ಭಾವನ ಟೀ

ನಮ್ಮ ಕಾಲೇಜಿನ ದವಾಖಾನೆಯ ಲ್ಯಾಬ್ ಟೆಕ್ನಿಷಿಯನ್‌ಗೆ ಅಪ್ಪ ಅಮ್ಮ ಇಟ್ಟ ಹೆಸರೊಂದಿದೆ. ಅದು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತು. ಉಳಿದವರಿಗೆಲ್ಲ ಅವರು ಸೂಜಿಯಕ್ಕ. ಇಪ್ಪತ್ತೆರಡು ವರ್ಷಗಳಿಂದ ಮಕ್ಕಳ ಬೆರಳು ಚುಚ್ಚಿ, ಹನಿ ರಕ್ತ ತೆಗೆದು, ಹಿಮೋಗ್ಲೋಬಿನ್ ಎಷ್ಟೆಂದು ಹೇಳುವುದು ಅವರ ಕೆಲಸ. ಬೆರಳು ತೋರಿಸಿದರೆ ಹಸ್ತ ನುಂಗುವವರೇ ತುಂಬಿರುವ ಲೋಕದಲ್ಲಿ, ಒಂದು ಹನಿಗೆ ತೃಪ್ತರಾಗುವ ಜೀವ.

ಪಕ್ಕದ ಕ್ಯಾಂಟೀನ್ ನಡೆಸುವವರು ಅವರ ಗಂಡ. ಅಕ್ಕನ ಗಂಡನಾದ್ದರಿಂದ ಇಡೀ ಕಾಲೇಜಿಗೆ ಭಾವ. ಎರಡು ಕೋಣೆಗಳ ನಡುವೆ ಒಂದು ಕಿಟಕಿ. ದಾಂಪತ್ಯವೆಲ್ಲ ಅದರ ಮೂಲಕವೇ ನಡೆಯುತ್ತದೆ.

ಈ ವರ್ಷ ಕಾರಿನಲ್ಲಿ ಬಂದಿಳಿಯುವ ವಕೀಲರ ಮಗಳು, ಮುಂಜಾನೆ ಮೂರು ಮನೆಗಳಲ್ಲಿ ಪಾತ್ರೆ ತೊಳೆದು ಬರುವ ಹುಡುಗಿ, ದೂರದ ದೇಶದಿಂದ ಬಂದು ಹಾಸ್ಟೆಲಿನಲ್ಲಿರುವವಳು, ಮೂವರ ಹಿಮೋಗ್ಲೋಬಿನ್ನೂ ಒಂಬತ್ತರ ಆಸುಪಾಸು. ಒಬ್ಬಳು ತೆಳ್ಳಗಾಗಲು ಊಟ ಬಿಟ್ಟವಳು, ಒಬ್ಬಳಿಗೆ ಉಣ್ಣಲು ಹೊತ್ತಿಲ್ಲ, ಇನ್ನೊಬ್ಬಳಿಗೆ ಇಲ್ಲಿಯ ಊಟ ಗಂಟಲಲ್ಲಿ ಇಳಿಯದು.

"ನೆಪ ಬೇರೆ ಬೇರೆ, ರೆಪ್ಪೆ ಮಾತ್ರ ಒಂದೇ ಬಿಳುಪು," ಎಂದರು ಅಕ್ಕ, ಮೂವರ ಕೆಳರೆಪ್ಪೆಯನ್ನೂ ಎಳೆದು ನೋಡಿ.

ಪಾತ್ರೆ ತೊಳೆಯುವ ಹುಡುಗಿ ಕಾಲೇಜಿನ ರಿಲೇ ತಂಡದ ಕೊನೆಯ ಓಟಗಾರ್ತಿ. ಹನ್ನೊಂದು ಮುಟ್ಟದಿದ್ದರೆ ಓಡಿಸುವುದಿಲ್ಲವೆಂದು ಡಾಕ್ಟರು ಕಡ್ಡಿ ತುಂಡು ಮಾಡಿದಂತೆ ಹೇಳಿಬಿಟ್ಟಿದ್ದರು. ಪಂದ್ಯಕ್ಕೆ ಹತ್ತು ವಾರ. ದಿನವೂ ಮಧ್ಯಾಹ್ನ ಅಕ್ಕನೇ ಎದುರು ನಿಂತು ಕಬ್ಬಿಣದ ಮಾತ್ರೆ ನುಂಗಿಸಿದರು.

ನಾಲ್ಕು ವಾರವಾಯಿತು. 9.2 ಇದ್ದದ್ದು 9.3.

"ಮಾತ್ರೆ ನಾಲಿಗೆ ಕೆಳಗಿಟ್ಕೊಂಡು ಆಚೆ ಉಗೀತಿದ್ದೀಯೇನೇ?"

"ಅಯ್ಯೋ ಇಲ್ಲಕ್ಕ! ನುಂಗಿದ ತಕ್ಷಣ ನೀವೇ ತಾನೆ 'ಪಾಪ, ಬಾಯೆಲ್ಲ ತುಕ್ಕು ತುಕ್ಕು ಅಂತಿರುತ್ತೆ, ಅವಳಿಗೊಂದು ಟೀ ಕೊಡ್ರೀ' ಅಂತ ಕಿಟಕೀಲಿ ಕೂಗೋದು?"

ಅಕ್ಕ ಎದ್ದು ಕಿಟಕಿಯ ಬಾಗಿಲು ಮುಚ್ಚಿದರು. ತೆರೆದ ಬಾಗಿಲು ಮರೆಮಾಡುತ್ತಿದ್ದ ಗೋಡೆಯ ಮೇಲೆ ಅವರೇ ಎಂದೋ ಅಂಟಿಸಿದ್ದ ಪಟ ಕಾಣಿಸಿತು: ಮಾತ್ರೆಯ ಜೊತೆ ಟೀ ಬೇಡ, ಕಬ್ಬಿಣ ಮೈಗೆ ಹತ್ತುವುದಿಲ್ಲ. ಕಿಟಕಿ ಸದಾ ತೆರೆದೇ ಇರುತ್ತಿದ್ದುದರಿಂದ ಪಟ ಸದಾ ಮುಚ್ಚಿರುತ್ತಿತ್ತು. ತಾವೇ ಬರೆದದ್ದು ಅವರಿಗೇ ಕಬ್ಬಿಣದ ಕಡಲೆಯಾಗಿತ್ತು.

ಕಿಟಕಿ ಮತ್ತೆ ತೆರೆಯಿತು, ದಡಾರನೆ.

"ರೀ! ನಾನು ಈ ಕಡೆ ತುಂಬ್ತಿದ್ದೀನಿ, ನೀವು ಆ ಕಡೆ ಸೋಸಿ ಚೆಲ್ತಿದ್ದೀರಿ!"

"ಕೊಡ್ರೀ ಅಂದೋಳು ನೀನೇ ಅಲ್ವೇನೇ?" ಭಾವನ ಕೈಯಲ್ಲಿ ಸೋಸುವ ಜಾಲರಿಯೇ ಇತ್ತು.

"ಹೌದು. ಅದಕ್ಕೇ ಇಷ್ಟು ಸಿಟ್ಟು ಬರ್ತಿರೋದು," ಎಂದರು ಅಕ್ಕ. ಆಮೇಲೆ ದನಿ ತಗ್ಗಿತು. "ಇವಳೊಬ್ಬಳಿಗೇ ಅಲ್ಲ ರೀ. ಎಷ್ಟು ಮಕ್ಕಳಿಗೆ ಹೀಗೆ ಕುಡಿಸಿದ್ದೀನೋ."

ಭಾವ ಜಾಲರಿ ಕೆಳಗಿಟ್ಟರು. ಒಂದು ನಿಂಬೆಹಣ್ಣು ಕತ್ತರಿಸಿದರು.

ಮರುದಿನದಿಂದ ಕಿಟಕಿಯಲ್ಲಿ ಬಂದದ್ದು ಕಬ್ಬಿಣ ಮೈಗೆ ಹತ್ತಿಸುವ ನಿಂಬೆ ನೀರು. ಕ್ಯಾಂಟೀನಿನಲ್ಲಿ ಯಾರು ಟೀ ಕೇಳಿದರೂ ಭಾವನದು ಒಂದೇ ಪ್ರಶ್ನೆ: "ಮಾತ್ರೆ ನುಂಗಿ ಎಷ್ಟೊತ್ತಾಯ್ತು?" ಗಣಿತದ ಮೇಷ್ಟ್ರು ಸಹ, ತಮಗೆ ಯಾವ ಮಾತ್ರೆಯೂ ಇಲ್ಲವೆಂದು ಮೂರು ಸಲ ಸಾಬೀತು ಮಾಡಬೇಕಾಯಿತು.

ಪಂದ್ಯಕ್ಕೆ ಎರಡು ದಿನ ಮೊದಲು ಹುಡುಗಿ ಬೆರಳೊಡ್ಡಿದಳು. ರೆಪ್ಪೆ ನೋಡಿಯೇ ಅಂಕಿ ಹೇಳುವ ಅಕ್ಕ ಅವತ್ತು ರೆಪ್ಪೆ ಮುಟ್ಟಲಿಲ್ಲ. ಚುಚ್ಚಿ, ಯಂತ್ರವನ್ನು ಮಗುಚಿಟ್ಟು ಕೂತರು. ಕಿಟಕಿಯಲ್ಲಿ ಭಾವನ ತಲೆ.

"ತಿರುಗಿಸೇ ಮಾರಾಯ್ತಿ!"

11.1.

ಹುಡುಗಿಯ ಕಿರುಚಾಟಕ್ಕೆ ಲೈಬ್ರರಿಯಿಂದಲೂ ಜನ ಬಂದರು. "ಭಾವಾ, ಇವತ್ತಾದ್ರೂ ಒಂದು ಸ್ಟ್ರಾಂಗ್ ಟೀ!"

"ಮಾತ್ರೆ ನುಂಗಿ ಎಷ್ಟೊತ್ತಾಯ್ತು?"

"ಈಗ ತಾನೇ…"

"ಹಾಗಾದ್ರೆ ಎರಡು ಗಂಟೆ ಕೂತ್ಕೋ."

"ಕೂರಕ್ಕೆಲ್ಲಿ ಆಗುತ್ತೆ ಭಾವ? ಪ್ರಾಕ್ಟೀಸ್ ಇದೆ!"

"ಹಾಗಾದ್ರೆ ಓಡು," ಎಂದರು ಅಕ್ಕ, ಬೆರಳಿನ ಹತ್ತಿಯನ್ನು ಒತ್ತಿ ಹಿಡಿದು, ಆಮೇಲೆ ಬಿಟ್ಟು.