ತುಳಿಯದೆ ಕಳಿಸಿದ ಬೆನ್ನು

ಅಣ್ಣಾಸಾಬರ ಎಡಗಾಲಿನಲ್ಲಿ ಚಪ್ಪಲಿ ಇರಲಿಲ್ಲ. ಅದು ಅವರಿಗೆ ಗೊತ್ತೂ ಇರಲಿಲ್ಲ. ಕಬ್ಬಿನ ಹೊಲದಿಂದ ಒಂದೇ ಚಪ್ಪಲಿಯಲ್ಲಿ ನಡೆದು ಬಂದು ಸತ್ತೆವ್ವನವರ ಅಂಗಳದಲ್ಲಿ ಬೋರಲು ಮಲಗಿದ್ದರು.

ನಿಪ್ಪಾಣಿ ತಾಲೂಕಿನ ಭೋಜದಲ್ಲಿ ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಈ ಅಂಗಳದಲ್ಲಿ ಏಳೆಂಟು ಬೆನ್ನುಗಳು ಸಾಲಾಗಿ ಕಾಯುತ್ತವೆ. ಸತ್ತೆವ್ವನಿಗೆ ಅರವತ್ತೆರಡು, ಹದಿನಾಲ್ಕು ಆಡು ಮೇಯಿಸುತ್ತಾರೆ. ಹುಟ್ಟುವಾಗ ಕಾಲು ಮುಂದಾಗಿ ಬಂದವರು. ಅಂಥವರಿಗೆ ಇಲ್ಲಿ ಪಾಯಾಳು ಎನ್ನುತ್ತಾರೆ. ಪಾಯಾಳು ಮೂರು ಸಲ ತುಳಿದರೆ ಉಳುಕಿದ ಸೊಂಟ ಸರಿಹೋಗುತ್ತದೆಂಬುದು ನಂಬಿಕೆ. ಉಳುಕು ನಾಲ್ಕು ದಿನದಲ್ಲಿ ತಾನಾಗಿಯೇ ಬಿಡುತ್ತದೆ, ಹೆಸರು ಸತ್ತೆವ್ವನಿಗೆ ಬರುತ್ತದೆ. ಇದನ್ನು ಹೇಳಿದರೆ ಅವರೇ ನಗುತ್ತಾರೆ: “ನನಗೂ ಗೊತ್ತೈತ್ರಿ. ಆದ್ರ ನಾ ಕಾಲ ಇಡ್ಲಿಲ್ಲಂದ್ರ ಮಂದಿ ಆ ನಾಕ ದಿನಾ ಕಾಯೂದಿಲ್ಲ.”

ಅಣ್ಣಾಸಾಬರದು ಅದು ಮೂರನೇ ಭಾನುವಾರ. ಬರಿಗಾಲು ಕಂಡು ಸತ್ತೆವ್ವ ಎತ್ತಿದ ಕಾಲನ್ನು ಇಳಿಸಿದರು. ಕಣ್ಣು ಮುಚ್ಚಿಸಿ, ಬೇವಿನ ಕಡ್ಡಿಯಿಂದ ಕಾಲ್ಬೆರಳು ಗೀರಿ, ಯಾವ ಬೆರಳು ಎಂದು ಕೇಳಿದರು. ಇನ್ನೂ ಮುಟ್ಟೇ ಇಲ್ಲವಲ್ಲ ಎಂದರು ಅಣ್ಣಾಸಾಬ. ಕುಂಟುವ ಆಡಿನ ಕಾಲನ್ನೂ ಸತ್ತೆವ್ವ ನೋಡುವುದು ಹೀಗೆ ಕಡ್ಡಿ ಗೀರಿಯೇ.

“ಇದು ನನ್ನ ಕಾಲಿಂದ ಆಗೂದಲ್ಲ ತಮ್ಮಾ. ದವಾಖಾನಿಗಿ ನಡಿ.”

“ಇನ್ನೊಂದ ಸಲ ತುಳಿ ಆಯಿ, ಬಿಡತೈತಿ.”

“ತುಳದ್ರ ನೀ ಏಳೂದಿಲ್ಲ. ಆಮ್ಯಾಲ ನಿನ್ನ ಹೇಣ್ತಿ ನನ್ನ ತುಳೀತಾಳ.”

ಬೆನ್ನಿಗೆ ಕತ್ತರಿ ಬಿದ್ದವನು ಮತ್ತೆ ಹಾಸಿಗೆ ಬಿಡುವುದಿಲ್ಲ ಎಂಬುದು ಅಣ್ಣಾಸಾಬರ ಭಯ. ಆಡುಗಳನ್ನು ನೆರೆಮನೆಗೆ ಒಪ್ಪಿಸಿ ಸತ್ತೆವ್ವ ತಾವೇ ಅವರ ಜೊತೆ ಬೆಳಗಾವಿ ಬಸ್ಸು ಹತ್ತಿದರು. ಸ್ಕ್ಯಾನಿಂಗಿನಲ್ಲಿ ಬೆನ್ನೆಲುಬಿನ ಒಳಗೆ, ನರಕ್ಕೆ ಅಂಟಿಕೊಂಡ ದ್ರಾಕ್ಷಿ ಗಾತ್ರದ ಗಡ್ಡೆ ಕಂಡಿತು. ತಡಮಾಡಿದರೆ ಕಾಲು ನಿಲ್ಲುವುದಿಲ್ಲ ಎಂದರು ವೈದ್ಯರು. ಆದರೆ ಬೆನ್ನನ್ನು ಉದ್ದಕ್ಕೆ ಸೀಳಲಿಲ್ಲ. ಎರಡು ಬೆರಳಗಲ ಕೊಯ್ದು, ಸ್ನಾಯುಗಳ ನಡುವೆ ಸಣ್ಣ ಕೊಳವೆ ಇಳಿಸಿ, ಅದರೊಳಗಿಂದ ಸೂಕ್ಷ್ಮದರ್ಶಕದಲ್ಲಿ ನೋಡುತ್ತ ಗಡ್ಡೆ ಬಿಡಿಸಿದರು. ಕ್ಯಾನ್ಸರ್ ಅಲ್ಲ. ಮರುದಿನ ಅಣ್ಣಾಸಾಬ ಎದ್ದು ನಿಂತರು, ನಾಲ್ಕನೇ ದಿನ ಊರಿಗೆ ಬಂದರು. ನೋಡಲು ಬಂದವರಿಗೆ ಆ ಗಾಯ ಸಾಲಲಿಲ್ಲ. ಇಷ್ಟೇ ಗಾಯಕ್ಕೆ ಬೆಳಗಾವಿತನಕ ಹೋಗಬೇಕಿತ್ತೇ ಎಂದು ಹೆಂಡತಿ ಸುಜಾತಾ ಈಗಲೂ ಛೇಡಿಸುತ್ತಾರೆ.

ಎರಡು ವರ್ಷವಾಯಿತು. ಸತ್ತೆವ್ವ ಈಗ ಮೊದಲು ಎಲ್ಲರ ಕಾಲ್ಬೆರಳಿಗೂ ಕಡ್ಡಿ ಹಿಡಿಯುತ್ತಾರೆ. ಐವರನ್ನು ಕಾಲು ಸೋಕಿಸದೆ ದವಾಖಾನೆಗೆ ಅಟ್ಟಿದ್ದಾರೆ. ತುಳಿಯುವುದನ್ನೇ ಬಿಡಬೇಕೆಂದು ವೈದ್ಯರು ಹೇಳಿದ್ದರು. “ಬಿಟ್ಟೀನ್ರಿ, ಬರೇ ಕಾಲ ಮುಟ್ಟಿಸ್ತೀನಿ. ಅದನ್ನೂ ಬಿಟ್ರ ಮಂದಿ ಬರೂದಿಲ್ಲ. ಬರದಿದ್ರ ಕಡ್ಡಿ ಯಾರಿಗಿ ಹಿಡೀಲಿ?”

ಅಣ್ಣಾಸಾಬ ಪ್ರತಿ ಭಾನುವಾರ ಹೊಸ ಚಪ್ಪಲಿ ಮೆಟ್ಟಿ ಬಂದು, ಕತ್ತರಿಗೆ ಅಂಜಿದವರಿಗೆ ಅಂಗಿ ಎತ್ತಿ ಬೆನ್ನು ತೋರಿಸುತ್ತಾರೆ. ಅವರು ಕಳೆದುಕೊಂಡದ್ದು: ಎರಡು ಭಾನುವಾರ, ಎಡಗಾಲ ಕಿರುಬೆರಳಿನ ಸ್ಪರ್ಶ, ಒಂದು ಚಪ್ಪಲಿ.